ಮನದ ಭಾರಕ್ಕೆ ಮಾತೂ ಮದ್ದು



ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸವೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಚಿತೆಯು ಸತ್ತವರನ್ನು ಒಮ್ಮೆ ಸುಟ್ಟರೆ, ಚಿಂತೆಯು ಬದುಕಿರುವವರನ್ನು ದಿನವೂ ಸುಡುತ್ತದೆ. ಆದರೆ ಕಾರಣವುಳ್ಳ ಚಿಂತೆ ಕಾರಣ ತೀರಿದೊಡನೆ ತಾನೂ ತೀರುತ್ತದೆ. ಮಳೆ ಬಂದರೆ ರೈತನ ಚಿಂತೆ ಇಳಿಯುತ್ತದೆ. ಮಗಳ ಮದುವೆ ಕೂಡಿಬಂದರೆ ತಾಯಿಯ ಚಿಂತೆ ಇಳಿಯುತ್ತದೆ. ಮಳೆ ಬಂದರೂ, ಮದುವೆ ನಡೆದರೂ ಇಳಿಯದೆ ಎದೆಯ ಮೇಲೆ ಕಲ್ಲು ಹೇರಿದಂತೆ ಕೂತುಬಿಡುವ ಭಾರವೊಂದುಂಟು. ಅದನ್ನೇ ವೈದ್ಯರು ಖಿನ್ನತೆ ಎನ್ನುತ್ತಾರೆ. ಅದು ಬರಿಯ ಚಿಂತೆಯಲ್ಲ, ರೋಗ.

ಎರಡು ವಾರಕ್ಕೂ ಮೇಲ್ಪಟ್ಟು ಮನಸ್ಸಿಗೆ ಯಾವುದೂ ಬೇಡವಾಗುವುದು, ನಿದ್ರೆ ಕೆಡುವುದು, ಅನ್ನ ಸೇರದಿರುವುದು, ಕೈಕಾಲು ಸೋತಂತಾಗುವುದು, ನಾನು ಯಾರಿಗೂ ಬೇಡವಾದವನೆಂಬ ಭಾವ, ಸಾವಿನ ಯೋಚನೆ, ಇವು ಅದರ ಲಕ್ಷಣಗಳು. ನಮ್ಮ ಹಳ್ಳಿಗಳಲ್ಲಿ ಇಂಥವರನ್ನು ಸೋಮಾರಿ ಎನ್ನುವವರುಂಟು, ಗಾಳಿ ಸೋಕಿದೆ ಎನ್ನುವವರುಂಟು, ಪೂರ್ವಜನ್ಮದ ಕರ್ಮವೆಂದು ಕೈಚೆಲ್ಲುವವರೂ ಉಂಟು. ತಾಯತ ಬೇಡಿ ಮಠಕ್ಕೆ ಬರುವವರಿಗೆ ನಾವು ವಿಭೂತಿಯನ್ನಿಟ್ಟು ಹರಸುತ್ತೇವೆ; ವೈದ್ಯರನ್ನು ಕಾಣಿರೆಂದು ಅಪ್ಪಣೆಯನ್ನೂ ಕೊಡುತ್ತೇವೆ. ಹರಕೆಯಿಂದ ಧೈರ್ಯ ಬರುತ್ತದೆ. ರೋಗಕ್ಕೆ ಚಿಕಿತ್ಸೆಯೇ ಬೇಕು.

ಕಡೂರು ಸೀಮೆಯ ನಮ್ಮ ಸಿಂಗಟಗೆರೆ ಹೋಬಳಿಯು ಮಳೆಯನ್ನೂ ಕೊಳವೆಬಾವಿಯನ್ನೂ ನಂಬಿದ ನೆಲ. ಬರ ಬಂದ ವರ್ಷ ಮಕ್ಕಳಂತೆ ಸಾಕಿದ ತೆಂಗಿನ ಮರ ಸುಳಿ ಒಣಗಿ ನಿಲ್ಲುವುದನ್ನು ಕಂಡವರು ನೀವು. ಸಾಲದ ಮೇಲೆ ಸಾಲ ಮಾಡಿ ಕೊಳವೆ ಕೊರೆಸಿ, ಧೂಳು ಮಾತ್ರ ಮೇಲೆದ್ದಾಗ ಮನೆಯ ಯಜಮಾನನ ಮನಸ್ಸು ಏನಾಗುತ್ತದೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಮಕ್ಕಳು ಬೆಂಗಳೂರು ಸೇರಿ, ಹಟ್ಟಿಯಲ್ಲಿ ಒಂಟಿಯಾಗಿ ಉಳಿದ ವೃದ್ಧರ ಸಂಕಟವೂ ಚಿಕ್ಕದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ 20 ಜನರಲ್ಲಿ ಒಬ್ಬರು ಬಾಳಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಸಿಲುಕಿದವರು. ಅಂದರೆ ಇದು ಎಲ್ಲೋ ದೂರದವರ ಕಥೆಯಲ್ಲ, ನಮ್ಮ ಓಣಿಯದೇ.

ಈ ರೋಗಕ್ಕೆ ಮಾತ್ರೆಗಳಿವೆ. ಅದರೊಂದಿಗೆ ಮಾತಿನ ಚಿಕಿತ್ಸೆಯೂ ಇದೆ. ಅಮೆರಿಕದ ಫಿಲಡೆಲ್ಫಿಯಾ ನಗರದ ಆರನ್ ಬೆಕ್ ಎಂಬ ವೈದ್ಯರು 1960ರ ದಶಕದಲ್ಲಿ ಒಂದು ಸಂಗತಿಯನ್ನು ಗಮನಿಸಿದರು. ಖಿನ್ನತೆಗೊಳಗಾದವನ ಮನಸ್ಸು ಮೂರು ಕಡೆಗೂ ಕತ್ತಲೆಯನ್ನೇ ಕಾಣುತ್ತದೆ: ನಾನು ಕೆಲಸಕ್ಕೆ ಬಾರದವನು, ಲೋಕ ನನಗೆ ಒಳ್ಳೆಯದಲ್ಲ, ಮುಂದೆಯೂ ಹೀಗೆಯೇ. ಈ ವಿಚಾರಗಳು ಕರೆಯದೆ ಬರುತ್ತವೆ, ಬಂದವನ್ನು ಆತ ಪರೀಕ್ಷಿಸದೆ ನಂಬುತ್ತಾನೆ. ನಂಬಿದಂತೆ ದುಃಖ ಹೆಚ್ಚುತ್ತದೆ, ದುಃಖ ಹೆಚ್ಚಿದಂತೆ ಕೆಲಸ ನಿಲ್ಲುತ್ತದೆ, ಕೆಲಸ ನಿಂತಂತೆ ಆ ವಿಚಾರವೇ ನಿಜವೆನಿಸುತ್ತದೆ. ಗಾಣದ ಎತ್ತು ಸುತ್ತಿದಂತೆ ಇದು ಸುತ್ತುತ್ತಲೇ ಇರುತ್ತದೆ.

ಕೊಳವೆ ಕೈಕೊಟ್ಟ ರೈತನೊಬ್ಬ, 'ನಾನು ಮುಟ್ಟಿದ್ದೆಲ್ಲ ಹಾಳು, ಮನೆಗೆ ನಾನೇ ಶನಿ' ಎಂದು ಕೂತಿದ್ದಾನೆ ಎನ್ನೋಣ. ನಾವು ನೀವಾದರೆ 'ಹಾಗೆಲ್ಲ ಅನ್ನಬೇಡ, ಧೈರ್ಯ ತಂದುಕೋ' ಎನ್ನುತ್ತೇವೆ. ತರಬೇತಿ ಪಡೆದ ಸಲಹೆಗಾರರು ಹಾಗೆ ಉಪದೇಶ ಮಾಡುವುದಿಲ್ಲ, ಕೇಳುತ್ತಾರೆ. ಪಕ್ಕದ ಹೊಲದವನ ಕೊಳವೆಯೂ ಬತ್ತಿತಲ್ಲ, ಅವನನ್ನು ನೀನು ಶನಿ ಎಂದೆಯಾ? ಅಂತರ್ಜಲ ಇಳಿದದ್ದು ನಿನ್ನೊಬ್ಬನಿಂದಲೇ? ಮುಟ್ಟಿದ್ದೆಲ್ಲ ಹಾಳಾಗಿದ್ದರೆ ಈ ಅಡಿಕೆ ಗಿಡ ಎಬ್ಬಿಸಿದವರಾರು, ಮಕ್ಕಳನ್ನು ಓದಿಸಿದವರಾರು? ಹೌದೆನ್ನುವುದಕ್ಕೆ ಏನು ಸಾಕ್ಷಿ, ಅಲ್ಲವೆನ್ನುವುದಕ್ಕೆ ಏನು ಸಾಕ್ಷಿ ಎಂದು ಬರೆಸುತ್ತಾರೆ. ಪಂಚಾಯಿತಿ ಕಟ್ಟೆಯಲ್ಲಿ ಎರಡೂ ಕಡೆಯವರನ್ನು ಕೇಳಿಯೇ ತೀರ್ಪು ಕೊಡುವ ನಾವು, ನಮ್ಮ ಮೇಲೆ ಮಾತ್ರ ಒಂದೇ ಕಡೆಯ ಮಾತು ಕೇಳಿ ತೀರ್ಪು ಬರೆದುಕೊಳ್ಳುತ್ತೇವಲ್ಲ, ಆ ಅನ್ಯಾಯವನ್ನು ಈ ಚಿಕಿತ್ಸೆ ತಿದ್ದುತ್ತದೆ. ಜೊತೆಗೆ ನಾಳೆ ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕು, ತೋಟದಲ್ಲಿ ಒಂದು ಸುತ್ತು ಬಾ ಎಂಬ ಚಿಕ್ಕ ಕೆಲಸ ಕೊಡುತ್ತಾರೆ. ಮನಸ್ಸು ಬಂದಮೇಲೆ ಕೆಲಸವೆಂದು ಕಾಯುವುದಲ್ಲ. ಕೆಲಸ ಹಿಡಿದರೆ ಮನಸ್ಸು ಹಿಂದೆ ಬರುತ್ತದೆ. ಕಾಯಕವನ್ನು ಪೂಜೆಗೆ ಸಮನಾಗಿ ಕಂಡ ಸಮಾಜಕ್ಕೆ ಇದು ತಿಳಿಯದ ಮಾತೇನಲ್ಲ.

ಇನ್ನೊಂದು ಮಾರ್ಗ ಅರಿವಿನ ಅಭ್ಯಾಸ. ಬೌದ್ಧರ ಧ್ಯಾನದಿಂದ ಇದನ್ನು ತೆಗೆದುಕೊಂಡು 1979ರಲ್ಲಿ ಅಮೆರಿಕದ ಜಾನ್ ಕಬತ್-ಜಿನ್ ಆಸ್ಪತ್ರೆಯ ರೋಗಿಗಳಿಗೆ ಕಲಿಸತೊಡಗಿದರು. ಬಳಿಕ ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬ ಮೂವರು ಖಿನ್ನತೆಗೆಂದೇ 8 ವಾರಗಳ ಪಾಠಕ್ರಮವನ್ನು ರೂಪಿಸಿದರು. ವಿಚಾರವನ್ನು ಹೊಡೆದೋಡಿಸುವುದೂ ಅಲ್ಲ, ಅದರ ಬೆನ್ನು ಹತ್ತುವುದೂ ಅಲ್ಲ. ಬಂದದ್ದನ್ನು ಬಂತೆಂದು ನೋಡಿ, ಮತ್ತೆ ಉಸಿರಿನ ಕಡೆಗೆ ಗಮನ ತರುವುದೇ ಇದರ ಸಾರ. ಕಡೂರು ಬಸ್ ನಿಲ್ದಾಣದಲ್ಲಿ ಕೂತವನು ಬಂದ ಬಸ್ಸಿಗೆಲ್ಲ ಹತ್ತುವುದಿಲ್ಲವಷ್ಟೆ.

ಇಷ್ಟಲಿಂಗ ಪೂಜೆ ಮಾಡುವವರಿಗೆ ಈ ಅನುಭವ ಹೊಸದಲ್ಲ. ಕರಸ್ಥಲದ ಲಿಂಗದಲ್ಲಿ ದೃಷ್ಟಿಯಿಟ್ಟ ಕೆಲವೇ ಕ್ಷಣಗಳಲ್ಲಿ ಮನಸ್ಸು ಹೊಲಕ್ಕೋ ಕೋರ್ಟಿಗೋ ಹೋಗಿರುತ್ತದೆ. ಅದನ್ನು ಬೈಯದೆ, ದಂಡಿಸದೆ, ಮತ್ತೆ ಲಿಂಗದ ಕಡೆಗೆ ಕರೆತರುತ್ತೇವೆ. ಹೀಗೆ ಕರೆತರುವುದೇ ಸಾಧನೆ. ಆದರೆ ಒಂದು ಮಾತನ್ನು ಸ್ಪಷ್ಟವಾಗಿ ತಿಳಿಯಬೇಕು. ವೈದ್ಯರು ಪರೀಕ್ಷಿಸಿದ್ದು ತಮ್ಮ ಪಾಠಕ್ರಮವನ್ನು, ನಮ್ಮ ಪೂಜೆಯನ್ನಲ್ಲ. ಪೂಜೆ ಮಾಡಿದರೆ ಮಾತ್ರೆ ಬೇಡವೆಂದು ನಾವು ಹೇಳಲಾರೆವು, ಹೇಳುವವರನ್ನು ನೀವು ನಂಬಲೂಬಾರದು. ಅಲ್ಲದೆ ಈ ಅಭ್ಯಾಸ ಮುಖ್ಯವಾಗಿ ಚೇತರಿಸಿಕೊಂಡವರಿಗೆ, ರೋಗ ಮರುಕಳಿಸದಿರಲೆಂದು. 2000ನೇ ಇಸವಿಯಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೂರು ಅಥವಾ ಹೆಚ್ಚು ಬಾರಿ ಖಿನ್ನತೆ ಅನುಭವಿಸಿದ್ದವರ ಪೈಕಿ ಎಂದಿನ ಚಿಕಿತ್ಸೆ ಮಾತ್ರ ಪಡೆದ 100ರಲ್ಲಿ 66 ಜನರಿಗೆ ಅದು ಮರುಕಳಿಸಿತು. ಅಭ್ಯಾಸವನ್ನೂ ಕಲಿತವರಲ್ಲಿ 37 ಜನರಿಗೆ. ರೋಗದ ಆಳದಲ್ಲಿರುವವನನ್ನು ಒಂಟಿಯಾಗಿ ಕಣ್ಣು ಮುಚ್ಚಿ ಕೂರಿಸಿದರೆ ಕತ್ತಲೆ ಹೆಚ್ಚಲೂಬಹುದು.

ದೊಡ್ಡ ಊರಿನ ಚಿಕಿತ್ಸೆ ನಮಗೆಲ್ಲಿಯದು ಎಂದು ಕೇಳಬೇಡಿ. ನೆರೆಯ ಗೋವಾದಲ್ಲಿ, ಮೊದಲು ಮನೋವೈದ್ಯ ಓದದಿದ್ದ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 6ರಿಂದ 8 ಬಾರಿ ರೋಗಿಗಳೊಂದಿಗೆ ಮಾತನಾಡಿಸಿದರು. 2017ರಲ್ಲಿ ಪ್ರಕಟವಾದ ಫಲ ಹೀಗಿದೆ: ಮೂರು ತಿಂಗಳಲ್ಲಿ ಖಿನ್ನತೆಯಿಂದ ಹೊರಬಂದವರು 100ಕ್ಕೆ 64, ಆ ಮಾತುಕತೆ ಇಲ್ಲದವರಲ್ಲಿ 39. ನಮ್ಮ ನಾಡೇ ಈ ದಾರಿಯಲ್ಲಿ ಮುಂದಾಳು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಯ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋರೋಗದ ತರಬೇತಿ ಕೊಟ್ಟಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತು. 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಎಂಬ ದೂರವಾಣಿ ಸೇವೆ ಆರಂಭವಾಯಿತು. ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.

'ದೇವರನ್ನು ನಂಬಿದವನಿಗೆ ಇದೆಲ್ಲ ಏಕೆ ಬುದ್ಧಿ?' ಎಂದು ಕೇಳುವ ಹಿರಿಯರುಂಟು. ಕಣ್ಣು ಮಂಜಾದರೆ ಕನ್ನಡಕ ಹಾಕಿ ಪುರಾಣ ಓದುತ್ತೇವೆ. ಅದರಿಂದ ಭಕ್ತಿಗೆ ಕುಂದಾಯಿತೇ? 12ನೇ ಶತಮಾನದ ಕಲ್ಯಾಣದಲ್ಲಿ ಶರಣರು ಒಂದೆಡೆ ಕೂಡಿ, ತಮ್ಮ ಒಳಗಿನ ಕಳವಳವನ್ನೂ ಮುಚ್ಚಿಡದೆ ಆಡಿಕೊಂಡರು. ಮನಸ್ಸು ಬಿಚ್ಚಿ ಮಾತನಾಡುವುದು ನಮ್ಮ ಪರಂಪರೆಯಲ್ಲಿ ಅವಮಾನವಲ್ಲ.

ಆದುದರಿಂದ ಹಿರಿಯರಾದ ನೀವು ಇಷ್ಟು ಮಾಡಿರಿ. ಮನೆಯಲ್ಲಿ ಮಾತು ಬಿಟ್ಟು ಮೂಲೆ ಹಿಡಿದವರಿದ್ದರೆ ಪಕ್ಕದಲ್ಲಿ ಕೂಡಿರಿ. ಬುದ್ಧಿ ಹೇಳುವ ಮೊದಲು ಪೂರ್ತಿ ಕೇಳಿರಿ. 'ಸಾಯುವ ಯೋಚನೆ ಬರುತ್ತದೆಯೇ ಮಗನೇ' ಎಂದು ನೇರವಾಗಿ ಕೇಳಲು ಅಂಜಬೇಡಿರಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಂಡವನ ಭಾರ ಇಳಿಯುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬೇಡಿರಿ, ಬೆಳೆಗೆ ಹೊಡೆಯುವ ಔಷಧಿಯನ್ನು ಬೀಗದೊಳಗಿಡಿರಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಕೊಟ್ಟ ಮಾತ್ರೆಯನ್ನು ಕೇಳದೆ ನಿಲ್ಲಿಸಗೊಡಬೇಡಿರಿ. ಹಸಿದವನಿಗೆ ಅನ್ನವಿಕ್ಕುವುದು ದಾಸೋಹವಾದರೆ, ಕುಗ್ಗಿದವನ ಮಾತಿಗೆ ಕಿವಿಗೊಡುವುದೂ ದಾಸೋಹವೇ.

ಸರ್ವರ ಮನೆ ಮನಗಳಲ್ಲಿ ಬೆಳಕು ಮೂಡಲಿ. ಸಮಸ್ತರಿಗೂ ಸನ್ಮಂಗಳವಾಗಲಿ.