ಹಾಸನಾಂಬೆ ದರ್ಶನ: ಎಷ್ಟು ದಿನ ಅಂತ ಹುಣ್ಣಿಮೆ ಹೇಳುತ್ತೆ

ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್ ಸೀಸನ್ ಶುರುವಾಗೋದು ಹಿಮ ಬಿದ್ದ ಮೇಲೆ. ನಮ್ಮ ಹಾಸನದಲ್ಲೂ ವರ್ಷಕ್ಕೊಂದೇ ಸೀಸನ್ ಇದೆ, ಹಾಸನಾಂಬೆ ದರ್ಶನ. ಅದರ ದಿನ ಗೊತ್ತುಮಾಡೋದು ಪಂಚಾಂಗ.

ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಗರ್ಭಗುಡಿ ಬಾಗಿಲು ತೆಗೀತಾರೆ. ಬಲಿಪಾಡ್ಯಮಿಯ ಮಾರನೇ ದಿನ ಮುಚ್ಚುತ್ತಾರೆ. ಹುಣ್ಣಿಮೆಯಿಂದ ಪಾಡ್ಯಕ್ಕೆ ಹೆಚ್ಚುಕಮ್ಮಿ 16 ದಿನ, ಅದು ಬದಲಾಗಲ್ಲ. ಬದಲಾಗೋದು ಹುಣ್ಣಿಮೆ ಯಾವ ವಾರ ಬಿತ್ತು ಅನ್ನೋದು.

2024ರಲ್ಲಿ ಹುಣ್ಣಿಮೆ ಗುರುವಾರವೇ ಬಂತು, ಅಕ್ಟೋಬರ್ 17ಕ್ಕೆ. ಹಾಗಾಗಿ ಇನ್ನೊಂದು ವಾರ ಕಾದು 24ಕ್ಕೆ ಬಾಗಿಲು ತೆಗೆದರು, ನವೆಂಬರ್ 3ಕ್ಕೆ ಮುಚ್ಚಿದರು. ಸಿಕ್ಕಿದ್ದು 11 ದಿನ. 2025ರಲ್ಲಿ ಹುಣ್ಣಿಮೆ ವಾರದ ಶುರುವಿನಲ್ಲೇ ಬಂದದ್ದರಿಂದ ಅಕ್ಟೋಬರ್ 9ರಿಂದ 23ರವರೆಗೆ 15 ದಿನ ಸಿಕ್ಕಿತು. ಮೊದಲ ಮತ್ತು ಕೊನೇ ದಿನ ಸಾಮಾನ್ಯವಾಗಿ ಸಾರ್ವಜನಿಕ ದರ್ಶನ ಇರಲ್ಲ, ಆ ಎರಡು ದಿನ ಕಳೆದು ಲೆಕ್ಕ ಹಾಕಿ.

ಬೇಲೂರು, ಹಳೇಬೀಡನ್ನ ಯಾವ ತಿಂಗಳು ಬೇಕಾದರೂ ನೋಡಬಹುದು. ಇಲ್ಲಿ ದಿನ ತಪ್ಪಿದರೆ ಮುಂದಿನ ವರ್ಷವೇ. ಮನೆಯಲ್ಲಿ ವಯಸ್ಸಾದವರು ದರ್ಶನಕ್ಕೆ ಆಸೆಪಟ್ಟಿದ್ದರೆ, ಯುಗಾದಿಗೆ ಹೊಸ ಪಂಚಾಂಗ ಬಂದ ತಕ್ಷಣ ಆ ಹುಣ್ಣಿಮೆ ಯಾವ ವಾರ ಅಂತ ನೋಡಿಬಿಡಿ. ಗುರುವಾರ ಅಂತಿದ್ದರೆ, ರಜೆ ಆಗಲೇ ಕೇಳಿಡಿ.