ಹಳೆ ಜೀಪಿಗೆ ಯಾವ ಎಂಜಿನ್ ಕೂರಿಸಿದರೂ ನಡೆಯುತ್ತದೆಯೇ?

ಹಿತ್ತಲಲ್ಲಿ ವರ್ಷಗಟ್ಟಲೆ ನಿಂತ ಜೀಪು, ಅಜ್ಜನ ಕಾಲದ ಅಂಬಾಸಿಡರ್, ಸೋದರಮಾವನ ಪ್ರೀಮಿಯರ್ ಪದ್ಮಿನಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಇಂಥ ಗಾಡಿ ಇಟ್ಟುಕೊಂಡವರಿಗೆ ವಾಟ್ಸಾಪ್‌ನಲ್ಲಿ ಬರುವ ಸಲಹೆಯ ತಿರುಳು ಹೆಚ್ಚುಕಡಿಮೆ ಒಂದೇ: ಹಳೆ ಪೆಟ್ರೋಲ್ ಎಂಜಿನ್ ಗುಜರಿಗೆ ಹಾಕಿ, ಒಂದು ಡೀಸೆಲ್ ಎಂಜಿನ್ ತಂದು ಕೂರಿಸಿ, ಮೈಲೇಜ್ ಹೆಚ್ಚುತ್ತದೆ, ಗಾಡಿಗೆ 50 ವರ್ಷ ತುಂಬಿದರೆ ವಿಂಟೇಜ್ ನಂಬರ್ ಸಿಗುತ್ತದೆ, ಆಮೇಲೆ ಯಾರೂ ಕೇಳುವುದಿಲ್ಲ.

ಇದರಲ್ಲಿ ಎಷ್ಟು ನಿಜ? ನಾವು ಪರಿಶೀಲಿಸಿದಾಗ ಕಂಡದ್ದು ಇಷ್ಟು: ಮೈಲೇಜ್ ಹೆಚ್ಚುವುದು ನಿಜ. ಉಳಿದದ್ದು ಬಹುಪಾಲು ತಪ್ಪು, ಕೊನೆಯದಂತೂ ಪೂರ್ತಿ ಉಲ್ಟಾ.

ಕೊನೆಯದರಿಂದಲೇ ಶುರು ಮಾಡೋಣ. ವಿಂಟೇಜ್ ವಾಹನಗಳ ನೋಂದಣಿಗೆ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು ಎಂಬುದು ಅದರ ಅರ್ಧ ಭಾಗ ಮಾತ್ರ. ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂಬುದು ಇನ್ನರ್ಧ. ಫಾರ್ವರ್ಡ್ ಮಾಡುವವರು ಬಿಟ್ಟುಬಿಡುವುದು ಈ ಭಾಗವನ್ನೇ. ಅಂದರೆ 1970ರ ಜೀಪಿನ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ ದಿನವೇ ವಿಂಟೇಜ್ ಅರ್ಹತೆಯೂ ಅದರ ಜೊತೆ ಗುಜರಿಗೆ ಹೋಗುತ್ತದೆ. ಇನ್ನೊಂದು ವಿಷಯ: ಹೊಸದಾಗಿ ವಿಂಟೇಜ್ ನೋಂದಣಿ ಮಾಡಿಸಲು ಶುಲ್ಕ 20,000 ರೂಪಾಯಿ. ‘ವಿಎ’ ಅಕ್ಷರಗಳಿರುವ ಆ ನಂಬರ್ ಸಿಕ್ಕ ಮೇಲೆ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕೆಲಸಕ್ಕಷ್ಟೇ ರಸ್ತೆಗೆ ಇಳಿಸಬಹುದು. ದಿನಾ ಹೊಲಕ್ಕೆ ಹೋಗಿಬರಲು ಅದು ಆಗದು.

ವಿಂಟೇಜ್ ಬೇಡ, ಸಾಮಾನ್ಯ ನಂಬರ್‌ನಲ್ಲೇ ಓಡಿಸುತ್ತೇವೆ ಎಂದರೆ?

ಆಗ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಎದುರಾಗುತ್ತದೆ. ತಯಾರಕ ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ಮಾಲೀಕರು ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಖಚಿತವಾಗಿ ಹೇಳಿತು. ಎಂಜಿನ್ ನಂಬರ್, ಸಿಸಿ, ಇಂಧನ ಮೂರೂ ಆರ್‌ಸಿಯಲ್ಲಿ ಇರುವುದರಿಂದ ಪೆಟ್ರೋಲ್ ತೆಗೆದು ಡೀಸೆಲ್ ಹಾಕಿದರೆ ಮೂರೂ ತಪ್ಪುತ್ತವೆ. ಅನುಮತಿಯಿಲ್ಲದ ಇಂಥ ಬದಲಾವಣೆಗೆ 6 ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗೆ ಬದಲಾಯಿಸಲು ಕಾಯ್ದೆಯಲ್ಲೇ ಅವಕಾಶವಿದೆ. ಆದರೆ ಕಿಟ್‌ಗೆ ಮಾನ್ಯತೆ ಇರಬೇಕು, ಆರ್‌ಸಿಯಲ್ಲಿ ನಮೂದೂ ಆಗಬೇಕು.

ದಂಡಕ್ಕಿಂತ ನಮಗೆ ಹೆಚ್ಚು ಭಯ ಹುಟ್ಟಿಸುವುದು ವಿಮೆ. ಅಪಘಾತವಾಗಿ ಎದುರಿನವರಿಗೆ ಪೆಟ್ಟಾದಾಗ, ಆರ್‌ಸಿಯಲ್ಲಿ ಇಲ್ಲದ ಎಂಜಿನ್ ಬಾನೆಟ್ ಕೆಳಗೆ ಸಿಕ್ಕರೆ ವಿಮಾ ಕಂಪನಿ ತಕರಾರು ತೆಗೆಯಲು ಅದೊಂದೇ ಸಾಕು.

ಎಂಜಿನ್ ಕೂರುತ್ತದೆ, ಗಾಡಿ ಹೊಂದಿಕೊಳ್ಳುವುದಿಲ್ಲ

ಈ ಭಾಗದಲ್ಲಿ ಪಂಪ್‌ಸೆಟ್, ಟ್ರ್ಯಾಕ್ಟರ್, ಕಬ್ಬಿನ ಗಾಣ ಎಲ್ಲವನ್ನೂ ಡೀಸೆಲ್ ಎಂಜಿನ್ ಓಡಿಸಿದೆ. ಅದರ ಎಳೆತದ ಮೇಲೆ ಜನರಿಗೆ ನಂಬಿಕೆ ಇರುವುದು ಸಹಜ. ಆದರೆ 5 ಎಚ್‌ಪಿಯ ಪಂಪ್‌ಸೆಟ್ ಎಂಜಿನ್ ಸಾಮಾನ್ಯವಾಗಿ ನಿಮಿಷಕ್ಕೆ 1,500 ಸುತ್ತಿನಲ್ಲಿ ಒಂದೇ ಸಮ ತಿರುಗಲು ಮಾಡಿದ್ದು. ಗಾಡಿಯ ಎಂಜಿನ್ ಏರಬೇಕು, ಇಳಿಯಬೇಕು, ಗೇರಿಗೆ ತಕ್ಕಂತೆ ಬದಲಾಗಬೇಕು. ಗಾಡಿಯ ಡೀಸೆಲ್ ಎಂಜಿನ್ನನ್ನೇ ತಂದರೂ ಹಳೆಯ ಕಾಲದವು ಪೆಟ್ರೋಲ್ ಎಂಜಿನ್ನಿನಷ್ಟು ವೇಗವಾಗಿ ತಿರುಗುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡಿ. ಸಿಜೆ-3ಬಿ ಜೀಪಿನಲ್ಲಿ ಬರುತ್ತಿದ್ದದ್ದು 2,199 ಸಿಸಿಯ ಹರಿಕೇನ್ ಪೆಟ್ರೋಲ್ ಎಂಜಿನ್. ಅದರ ಆಕ್ಸಲ್ ಅನುಪಾತ 5.38, ಅಂದರೆ ಟಾಪ್ ಗೇರಿನಲ್ಲಿ ಎಂಜಿನ್ 5.38 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಚಕ್ರದ ಸುತ್ತಳತೆ ಸುಮಾರು ಎರಡೂಕಾಲು ಮೀಟರ್. ಪೆಟ್ರೋಲ್ ಎಂಜಿನ್ 4,000 ಸುತ್ತಿಗೆ ಹೋದರೆ ವೇಗ ಗಂಟೆಗೆ 100 ಕಿ.ಮೀ. ಹತ್ತಿರ. 3,000 ಸುತ್ತಿಗೇ ನಿಲ್ಲುವ ಡೀಸೆಲ್ ಎಂಜಿನ್ ಹಾಕಿದರೆ 75ಕ್ಕೇ ಮುಗಿಯಿತು. ಅಲ್ಲಿಂದಾಚೆ ಬರೀ ಸದ್ದು. ಸರಿಪಡಿಸಬೇಕೆಂದರೆ ಗೇರ್‌ಬಾಕ್ಸ್ ಅಥವಾ ಕ್ರೌನ್-ಪಿನಿಯನ್ ಬದಲಿಸಬೇಕು. ಡೀಸೆಲ್ ಎಂಜಿನ್ ಭಾರವೂ ಹೆಚ್ಚು, ನಡುಕವೂ ಹೆಚ್ಚು. ಮುಂದಿನ ಪಾಟಾ ಕುಸಿಯುತ್ತದೆ, ಎಂಜಿನ್ ಮೌಂಟಿಂಗ್ ಒಡೆಯುತ್ತದೆ, ಸ್ಟೇರಿಂಗ್ ಬಿಗಿಯಾಗುತ್ತದೆ, ಬ್ರೇಕ್ ಮಾತ್ರ ಹಳೆಯ ಡ್ರಮ್ಮೇ. ಒಂದು ಎಂಜಿನ್ ಬದಲಿಸಲು ಹೋದವರು ಅರ್ಧ ಗಾಡಿ ಬದಲಿಸುವುದು ಹೀಗೆ.

ದುಡ್ಡು ಉಳಿಯುತ್ತದೆಯೇ? ಉದಾಹರಣೆಗೆ ವರ್ಷಕ್ಕೆ 1,500 ಕಿ.ಮೀ. ಓಡಿಸುತ್ತೀರಿ ಎಂದುಕೊಳ್ಳೋಣ. ಪೆಟ್ರೋಲ್‌ನಲ್ಲಿ ಲೀಟರಿಗೆ 8 ಕಿ.ಮೀ., ಡೀಸೆಲ್‌ನಲ್ಲಿ 12. ಲೀಟರಿಗೆ 100 ಮತ್ತು 90 ರೂಪಾಯಿ ಹಿಡಿದರೆ ಉಳಿತಾಯ ವರ್ಷಕ್ಕೆ ಸುಮಾರು 7,500 ರೂಪಾಯಿ. ಬದಲಾವಣೆಗೆ ಒಂದೂವರೆ ಲಕ್ಷ ಖರ್ಚಾದರೆ ಅದು ವಾಪಸ್ ಬರಲು 20 ವರ್ಷ ಬೇಕು.

ಹಾಗಂತ ಡೀಸೆಲ್ ಜೀಪೆಲ್ಲ ತಪ್ಪು ಎಂದು ನಾವು ಹೇಳುತ್ತಿಲ್ಲ. ಮಹೀಂದ್ರ ಕಂಪನಿಯೇ ನಂತರದ ಜೀಪುಗಳಿಗೆ ಡೀಸೆಲ್ ಎಂಜಿನ್ ಕೊಟ್ಟಿತ್ತು, 1980ರ ದಶಕದ ಪ್ಯೂಜೊ ಎಂಜಿನ್ ಅವುಗಳಲ್ಲೊಂದು. ಅಂಬಾಸಿಡರ್‌ನಲ್ಲೂ 1,489 ಸಿಸಿ ಪೆಟ್ರೋಲ್, ಡೀಸೆಲ್, ಆಮೇಲೆ 1.8 ಲೀಟರಿನ ಇಸುಝು ಹೀಗೆ ಬೇರೆ ಬೇರೆ ಎಂಜಿನ್ ಬಂದಿವೆ. ನಿಮ್ಮ ಗಾಡಿ ಕಾರ್ಖಾನೆಯಿಂದ ಯಾವುದರ ಜೊತೆ ಹೊರಬಂತು ಎಂಬುದಷ್ಟೇ ಪ್ರಶ್ನೆ. ಅದಕ್ಕೆ ಆರ್‌ಸಿ ತೆಗೆದು ನೋಡಿ. 1997ರವರೆಗೆ ಈ ತಾಲ್ಲೂಕುಗಳು ವಿಜಾಪುರ ಜಿಲ್ಲೆಯಲ್ಲಿದ್ದವು. ಹಾಗಾಗಿ ಹಳೆ ಪುಸ್ತಕದಲ್ಲಿ ಅಲ್ಲಿನ ಮುದ್ರೆ ಇದ್ದರೆ ಗಾಬರಿ ಬೇಡ. ವಿವರ ಈಗಿನ ಆನ್‌ಲೈನ್ ದಾಖಲೆಗೆ ಸೇರಿದೆಯೇ ಎಂದು ಆರ್‌ಟಿಒ ಕಚೇರಿಯಲ್ಲಿ ಮೊದಲು ವಿಚಾರಿಸಿ.

ಜಾಮ್ ಆದ ಎಂಜಿನ್ ಸತ್ತ ಎಂಜಿನ್ ಅಲ್ಲ

ಬಹಳ ಜನ ಎಂಜಿನ್ ಬದಲಿಸಲು ಹೊರಡುವುದೇ ಅದು ತಿರುಗುತ್ತಿಲ್ಲ ಎಂಬ ಕಾರಣಕ್ಕೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಪಿಸ್ಟನ್ ರಿಂಗ್ ತುಕ್ಕು ಹಿಡಿದು ಬೋರ್‌ಗೆ ಕಚ್ಚಿಕೊಂಡಿರುತ್ತದೆ. ದಯವಿಟ್ಟು ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆಯಬೇಡಿ. ರಿಂಗ್ ಮುರಿಯುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ, ಆಗ ನಿಜವಾಗಿಯೂ ಸಾಯುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತುಗಳಲ್ಲಿ ತೆಳು ಎಣ್ಣೆ ಹಾಕಿ, ಕೆಲವು ದಿನ ಬಿಟ್ಟು, ಕೈಯಲ್ಲಿ ನಿಧಾನವಾಗಿ ಹಿಂದೆ ಮುಂದೆ ತಿರುಗಿಸಿ ನೋಡಬೇಕು.

ತಿರುಗಿದರೆ ಮುಂದಿನದು ಕಂಪ್ರೆಷನ್ ಪರೀಕ್ಷೆ. ಒತ್ತಡ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯಿರಿ. ಒತ್ತಡ ಏರಿದರೆ ಸವೆದಿರುವುದು ರಿಂಗ್ ಅಥವಾ ಬೋರ್. ಏರದಿದ್ದರೆ ಅನುಮಾನ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ. ಬೋರ್ ಸವೆದಿದ್ದರೆ ಬೋರಿಂಗ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕುತ್ತಾರೆ. ಮೆಕ್ಯಾನಿಕ್ ‘20 ಸೈಜ್’ ಎಂದರೆ ಸುಮಾರು ಅರ್ಧ ಮಿಲಿಮೀಟರ್ ದೊಡ್ಡದು. ಅದೂ ಮುಗಿದಿದ್ದರೆ ಲೈನರ್ ಹಾಕಿ ಮೂಲ ಅಳತೆಗೇ ತರಬಹುದು. ಬೆಳಗಾವಿ, ಕೊಲ್ಲಾಪುರ ಎರಡೂ ಫೌಂಡ್ರಿ, ಮಷೀನಿಂಗ್ ಕೆಲಸಕ್ಕೆ ಹೆಸರಾದ ಊರುಗಳು. ಈ ಕೆಲಸಕ್ಕೆ ದೂರ ಹೋಗಬೇಕಾಗಿಲ್ಲ.

ಬ್ಲಾಕ್ ಸರಿಪಡಿಸಲಾಗದಷ್ಟು ಒಡೆದಿದ್ದರೆ ಮಾತ್ರ ಬೇರೆ ಎಂಜಿನ್ ಹುಡುಕಿ, ಅದೂ ಅದೇ ಕಂಪನಿ, ಅದೇ ಮಾದರಿ, ಅದೇ ಇಂಧನದ್ದು. ಕೊಳ್ಳುವ ಮೊದಲೇ ಆರ್‌ಟಿಒ ಅನುಮತಿ ಕೇಳಿ. ಕೂರಿಸಿದ ಮೇಲೆ 14 ದಿನದೊಳಗೆ ತಿಳಿಸಿ ಹೊಸ ನಂಬರನ್ನು ಆರ್‌ಸಿಯಲ್ಲಿ ಬರೆಸಬೇಕು. ಬಿಲ್ ಇಲ್ಲದ ಗುಜರಿ ಎಂಜಿನ್ ಎಷ್ಟೇ ಅಗ್ಗವಾಗಿದ್ದರೂ ಬೇಡ. ಅದು ಕಳವಾದ ಗಾಡಿಯದ್ದಾಗಿದ್ದರೆ ಉತ್ತರ ಕೊಡಬೇಕಾದವರು ನೀವು.

ಹಳೆ ಎಂಜಿನ್ ಈಗಿನ ಪೆಟ್ರೋಲ್ ತಾಳುತ್ತದೆಯೇ ಎಂಬ ಅನುಮಾನಕ್ಕೆ ಅರ್ಥವಿದೆ. ಸೀಸ ಬೆರೆತ ಪೆಟ್ರೋಲ್ ದೇಶದಲ್ಲಿ 2000ದಲ್ಲೇ ನಿಂತಿತು. ಹೆಡ್ ಬಿಚ್ಚಿದಾಗಲೇ ಗಟ್ಟಿ ವಾಲ್ವ್ ಸೀಟ್ ಹಾಕಿಸಿದರೆ ಆ ಚಿಂತೆ ಇಲ್ಲ. ಈಗಿನ ತೊಂದರೆ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ನಮ್ಮ ಬಾಗಲಕೋಟೆ ಜಿಲ್ಲೆಯ ಕಬ್ಬೂ ಎಥೆನಾಲ್ ಆಗಿ ಅದೇ ಟ್ಯಾಂಕಿಗೆ ಬರುತ್ತದೆ ಎಂಬುದು ಬೇರೆ ಮಾತು! ಎಥೆನಾಲ್ ಹಳೆಯ ರಬ್ಬರ್ ಪೈಪು, ಕಾರ್ಕ್ ಗ್ಯಾಸ್ಕೆಟ್‌ಗಳನ್ನು ಕೆಡಿಸುತ್ತದೆ, ನೀರನ್ನು ಹೀರುತ್ತದೆ. ಅದರಲ್ಲಿ ಶಕ್ತಿಯೂ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ, ಆದ್ದರಿಂದ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಎಥೆನಾಲ್ ತಾಳುವ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಂ, ಕಾರ್ಬ್ಯುರೇಟರ್ ಕಿಟ್ ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ. ಈ ಕಾರಣಕ್ಕೆ ಎಂಜಿನ್ನನ್ನೇ ಬದಲಿಸಬೇಕಿಲ್ಲ.

ಬ್ಲಾಕನ್ನು ಬೋರಿಂಗ್‌ಗೆ ಕಳಿಸುವ ಮುಂಚೆ ಅದರ ಮೇಲಿನ ಎಂಜಿನ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ. ಆ ನಂಬರಿನ ಮೇಲೆ ಗ್ರೈಂಡರ್ ಆಡಿಸಬೇಡಿ, ದಪ್ಪ ಬಣ್ಣ ಹೊಡೆಯಬೇಡಿ ಎಂದು ವರ್ಕ್‌ಶಾಪಿನವರಿಗೆ ಬಾಯಿಬಿಟ್ಟು ಹೇಳಿ. ಆರ್‌ಸಿ ನವೀಕರಣದ ದಿನ ಇನ್‌ಸ್ಪೆಕ್ಟರ್ ಮೊದಲು ಹುಡುಕುವುದು ಚಾಸಿ ಮತ್ತು ಎಂಜಿನ್ ನಂಬರನ್ನೇ.