ಯುಐ (ಚಲನಚಿತ್ರ)

ಯುಐ, 2024ರ ಡಿಸೆಂಬರ್ 20ರಂದು ತೆರೆಕಂಡ ಕನ್ನಡ ಚಲನಚಿತ್ರ. ಇದರ ರಚನೆ ಹಾಗೂ ನಿರ್ದೇಶನ ಉಪೇಂದ್ರ ಅವರದು. ಮುಖ್ಯಪಾತ್ರದಲ್ಲಿಯೂ ಅವರೇ ಇದ್ದಾರೆ. 2015ರ ‘ಉಪ್ಪಿ 2’ರ ಬಳಿಕ ಅವರು ನಿರ್ದೇಶಿಸಿದ ಚಿತ್ರವಿದು. ಸಂಗೀತ ಬಿ. ಅಜನೀಶ್ ಲೋಕನಾಥ್ ಅವರದು.

ಬಿಡುಗಡೆಗೆ ಮುನ್ನ ಬಂದ ‘ವಾರ್ನರ್’ ಎಂಬ ತುಣುಕು 2040ರ ಹಾಳುಬಿದ್ದ ಲೋಕವನ್ನು ತೋರಿಸಿತ್ತು. ಸೆಟ್ಟುಗಳು ಹಾಗೂ ಕಂಪ್ಯೂಟರ್ ಗ್ರಾಫಿಕ್ಸ್ ನೆರವಿನಿಂದ ಕಟ್ಟಿದ ಈ ಕತ್ತಲ ಲೋಕದಲ್ಲಿ ಹಸಿದ ಜನರಿದ್ದಾರೆ, ಅವರನ್ನು ಆಳುವ ಸರ್ವಾಧಿಕಾರಿಯಿದ್ದಾನೆ. ಪುರಾಣದ ಕಲ್ಕಿ ಉದ್ಧಾರಕ; ಇಲ್ಲಿ ಆ ಹೆಸರು ಸರ್ವಾಧಿಕಾರಿಗೆ ಸಂದಿದೆ. ಸಾಧುಸ್ವಭಾವದ ಸತ್ಯನ ಪಾತ್ರವನ್ನೂ ಉಪೇಂದ್ರರೇ ನಿರ್ವಹಿಸಿದ್ದಾರೆ.

ಪ್ರತಿಕ್ರಿಯೆ

ಪ್ರೇಕ್ಷಕರ ಭಿನ್ನಮತ ಈ ಚಿತ್ರದ ವಸ್ತುವೂ ಹೌದು. ಬುದ್ಧಿವಂತರಾದವರು ಎದ್ದು ಹೋಗಬೇಕು, ದಡ್ಡರು ಪೂರ್ತಿ ನೋಡಬೇಕು ಎಂಬರ್ಥದ ಸೂಚನೆಯೊಂದಿಗೆ ಅದು ಆರಂಭವಾಗುತ್ತದೆ. ಕಥೆಯೊಳಗಿನ ಜನ ‘ಯುಐ’ ಎಂಬ ಚಿತ್ರವನ್ನೇ ನೋಡಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ವರ್ತಿಸುತ್ತಾರೆ. ಮುರಳಿ ಶರ್ಮ ಅಭಿನಯಿಸಿದ ವಿಮರ್ಶಕನಿಗೆ ವಿಮರ್ಶೆ ಬರೆಯಲಾಗುವುದಿಲ್ಲ. ಹೊರಗೂ ಅಭಿಪ್ರಾಯ ಒಡೆಯಿತು. ಜಾತಿ, ಧರ್ಮ, ರಾಜಕಾರಣಗಳ ವಿಡಂಬನೆಯ ದಿಟ್ಟತನವನ್ನು ಕೆಲವರು ಮೆಚ್ಚಿದರು. ಸಂಕೇತಗಳ ದಟ್ಟಣೆಯಲ್ಲಿ ಕಥೆ ಕಳೆದುಹೋಗಿದೆ, ಉಪದೇಶ ಹೆಚ್ಚಾಗಿದೆ ಎಂಬುದು ಉಳಿದವರ ಆಕ್ಷೇಪ. ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಚಿತ್ರ ಅರ್ಥವಾಗದಿದ್ದರೆ ಪ್ರೇಕ್ಷಕನೇ ದಡ್ಡನೋ ಬುದ್ಧಿವಂತನೋ ಎಂಬ ಗೊಂದಲವನ್ನು ನಿರ್ದೇಶಕರು ಮೊದಲೇ ಹೂಡಿಟ್ಟಿದ್ದರಿಂದ, ಬೇಸರಗೊಂಡವರು ಅದನ್ನು ಹೇಳಿಕೊಳ್ಳುವುದೂ ಕಷ್ಟವಾಯಿತು.